ಒಡಲಿನ ಮೂಲೆಯ ಚುಕ್ಕಿ

'ಸೀರೆಯ ಅಂಚು, ಸೆರಗು ಎಂದರೆ ಎಲ್ಲರೂ ಕಣ್ಣರಳಿಸುತ್ತಾರೆ. ನಡುವೆ ನಾನು ಬರೆದ ಒಡಲನ್ನು ಯಾರೂ ನೋಡುವುದಿಲ್ಲ. ಇದಕ್ಕೆ ಬೇಸರಪಡುವುದೂ ಸಣ್ಣತನವೇ ಇರಬೇಕು.'

ರಾಜಶ್ರೀ ಡೈರಿ ಮುಚ್ಚುವಷ್ಟರಲ್ಲಿ ಹೊರಗೆ ಕೂಗಾಟ ಕೇಳಿಸಿತು.

ಬನಹಟ್ಟಿಯ ವೀರಣ್ಣ ಸಾಹುಕಾರರ ಮಗ್ಗದ ಕಾರ್ಖಾನೆಯಲ್ಲಿ ಅವಳು ಕಂಪ್ಯೂಟರಿನಲ್ಲಿ ಸೀರೆಯ ಡಿಸೈನ್ ಬರೆಯುತ್ತಿದ್ದಳು. ಮಾತು ಕಡಿಮೆ. ನಾಲ್ಕು ಜನ ಸೇರಿದರೆ ಹಿಂದೆ ಸರಿಯುತ್ತಿದ್ದಳು. ಹೊರಗೆ ಬಂದು ನೋಡಿದರೆ ಸಾಹುಕಾರರ ಕೈಯಲ್ಲೊಂದು ಅಗ್ಗದ ಪ್ರಿಂಟ್ ಸೀರೆ. ಮುಧೋಳದ ಅಂಗಡಿಯೊಂದರಿಂದ ವ್ಯಾಪಾರಿ ಮಾಂತೇಶ ತಂದದ್ದು. ಅದರ ಒಡಲ ತುಂಬ ಇವರದೇ ಹೊಸ ಡಿಸೈನ್. ಇವರ ಸೀರೆಯೋ ಇನ್ನೂ ಕಾರ್ಖಾನೆಯ ಹೊಸ್ತಿಲು ದಾಟಿರಲಿಲ್ಲ.

"ನಮೂನಿ ಸೀರಿ ನೇದಾಂವ ನೀ ಒಬ್ಬಾಂವ," ಎಂದು ವೀರಣ್ಣ ಹಿರಿಯ ನೇಕಾರ ಪಾಂಡಪ್ಪನ ಮೇಲೆ ಹರಿಹಾಯ್ದರು. "ಫೋಟೋ ತಗದು ಯಾರಿಗಿ ಕೊಟ್ಟಿ?"

"ಫೋಟೋ? ನನ್ನ ಫೋನಿನ್ಯಾಗ ಹಾಡ ಸೈತ ಬರೂದಿಲ್ರಿ ಸಾವ್ಕಾರ."

"ಚ್ಯಾಷ್ಟಿ ಸಾಕು. ಸಂಜಿಮಟ ಟೈಮ್ ಐತಿ. ಒಪ್ಕೊಂಡ್ರ ಛಲೋ. ಇಲ್ಲಾಂದ್ರ ನಾಳಿಂದ ಮಗ್ಗ ಮುಟ್ಟಬ್ಯಾಡ." ಅವರು ರಾಜಶ್ರೀಯತ್ತ ತಿರುಗಿದರು. "ತಂಗಿ, ಓದಿದಾಕಿ ನೀ. ಎರಡೂ ಸೀರಿ ನೋಡಿ ಹೇಳು."

* * *

ಎಳೆ ಎಣಿಸುವ ಭೂತಗನ್ನಡಿ ಇಟ್ಟು ನೋಡಿದಳು. ಒಡಲಿನ ಡಿಸೈನ್ ಎಂದರೆ ಒಂದು ಪುಟ್ಟ ಚೌಕ. ಅದೇ ಚೌಕ ಮತ್ತೆ ಮತ್ತೆ ಬಂದು, ಕೂಡಿದ ಗೆರೆ ಕಾಣದ ಹಾಗೆ ಸೀರೆಯಿಡೀ ಹಬ್ಬುತ್ತದೆ. ಪ್ರಿಂಟ್ ಸೀರೆಯಲ್ಲಿ ಪ್ರತಿ ಚೌಕದ ಮೂಲೆಗೂ ಒಂದು ಚುಕ್ಕಿ ಹೆಚ್ಚಿಗಿತ್ತು. ನೇಯ್ದ ಸೀರೆಯಲ್ಲಿ ಅದು ಇರಲಿಲ್ಲ.

ಪಾಂಡಪ್ಪನಿಗೆ ತೋರಿಸಿದಳು.

"ಅದಾ? ನಿನ್ನ ಡಿಸೈನಿನ್ಯಾಗ ತಪ್ಪಿ ಬಿದ್ದಿತ್ತ ಬೇ ತಂಗಿ. ಮಗ್ಗದಾಗ ಎಳಿ ಎತ್ತೂ ತೂತಿನ ರಟ್ಟಿರತಾವಲ್ಲ, ಅದರಾಗ ಆ ಚುಕ್ಕಿ ತೂತಿಗಿ ಕಾಗದ ಹಚ್ಚಿ ಮುಚ್ಚಿ ನೇದೆ."

"ನನಗ್ಯಾಕ ಹೇಳ್ಲಿಲ್ಲ ಕಾಕಾ?"

"ಹೊಸದಾಗಿ ಬಂದಿದ್ದಿ. ಸಾವ್ಕಾರ ಬೈತಾರಂತ ಸುಮ್ನಾದೆ."

ಅವಳಿಗೆ ಮುಖ ಎತ್ತಲಾಗಲಿಲ್ಲ. ಕದ್ದವರು ಪಾಂಡಪ್ಪ ನೇಯ್ದ ಸೀರೆಯನ್ನು ನೋಡಿಯೇ ಇಲ್ಲ. ಡಿಸೈನ್ ಕಂಪ್ಯೂಟರಿನಿಂದಲೇ ಹೋಗಿದೆ.

* * *

ಜಮಖಂಡಿಯ ನವೀನನ ಅಂಗಡಿಯಲ್ಲಿ ಅವಳು ಡಿಸೈನುಗಳ ಪ್ರಿಂಟ್ ತೆಗೆಸುತ್ತಿದ್ದಳು. ಪ್ರಿಂಟ್ ಸೀರೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿದಳು. ಕದ್ದವನು ಅವನೇ ಆಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

"ಏನ್ರಿ ಅಕ್ಕಾರ, ಪೊಲೀಸರಗತೆ ನೋಡಾಕತ್ತೀರಿ?" ನವೀನ ನಕ್ಕ. "ನೀವು ತಂದದ್ದು ಅಂಚು, ಸೆರಗು ಅಷ್ಟ. ಒಡಲು ನಾ ನೋಡೇ ಇಲ್ರಿ. ತಡೀರಿ, ಹುಡಕೂಣು."

ಸೀರೆಯ ಫೋಟೋ ತೆಗೆದು ಇಂಟರ್‌ನೆಟ್ಟಿನಲ್ಲಿ ಹಾಕಿ ಹುಡುಕಿದ. ವೆಬ್‌ಸೈಟುಗಳ ಹಿನ್ನೆಲೆಗೆ ಬೇಕಾದ ಚಿತ್ತಾರಗಳನ್ನು ಪುಕ್ಕಟೆ ಕೊಡುವ ತಾಣವೊಂದು ತೆರೆಯಿತು. ಅದೇ ಚೌಕ. ಅದೇ ಚುಕ್ಕಿ. ಯಾರು ಬೇಕಾದರೂ ಬಳಸಬಹುದೆಂಬ ಸಾಲು. ಹಾಕಿದವರ ಹೆಸರಿದ್ದಲ್ಲಿ 'ಒಡಲು' ಎಂದಷ್ಟೇ ಇತ್ತು.

"ಯಾರ್ರಿ ಇವ್ರು?"

ರಾಜಶ್ರೀ ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಐದು ತಿಂಗಳ ಹಿಂದೆ ಆ ಹೆಸರು ಇಟ್ಟುಕೊಂಡವಳು ಅವಳೇ. ತನ್ನ ಮೊದಲ ಕರಡನ್ನು ಅಲ್ಲಿ ಹಾಕಿದ್ದಳು. ಹತ್ತು ಜನ ಅಪರಿಚಿತರು ಮೆಚ್ಚಿದ್ದರು. ಅಂಚು ಕೊಟ್ಟರೆ ದ್ರೋಹ, ಒಡಲು ಬರೀ ಹಿನ್ನೆಲೆ ಎಂದು ತನಗೆ ತಾನೇ ಹೇಳಿಕೊಂಡು ಮರೆತಿದ್ದಳು.

* * *

ಸಂಜೆ ಪಾಂಡಪ್ಪ ಬುತ್ತಿಚೀಲ ಹಿಡಿದು ನಿಂತಿದ್ದ. ರಾಜಶ್ರೀ ಎರಡೂ ಸೀರೆ ಹಾಸಿದಳು.

"ಕಾಕಾ ನೇದ ಸೀರಿಯಾಗ ಈ ಚುಕ್ಕಿ ಇಲ್ರಿ. ಕಾಕಾನ ತಿದ್ದ್ಯಾರ. ಇದನ್ನ ನೋಡಿ ಕದ್ದಿದ್ರ ಚುಕ್ಕಿ ಬರತಿರ್ಲಿಲ್ಲ. ನಾ ಪ್ರಿಂಟ್ ತಗಸೂ ಜಮಖಂಡಿ ಅಂಗಡಿಗಿ ಒಡಲು ಹೋಗೇ ಇಲ್ಲ. ಚುಕ್ಕಿ ಇದ್ದದ್ದು ನಮ್ಮ ಕಂಪ್ಯೂಟರಿನ್ಯಾಗ ಅಷ್ಟ."

"ಹಂಗಾದ್ರ ಕಂಪ್ಯೂಟರ್ ಮುಟ್ಟಿದಾಂವ ಯಾಂವ?" ವೀರಣ್ಣ ಗುಡುಗಿದರು.

ಪಾಂಡಪ್ಪ ಅವಳ ಮುಖ ನೋಡಿದ. ಅವನಿಗೆ ತಿಳಿಯಿತು.

"ಬಿಡ್ರಿ ಸಾವ್ಕಾರ," ಎಂದ ತಟ್ಟನೆ. "ನಂದ ಏನರೆ ತಪ್ಪಾಗಿರಬೇಕು. ನಾ ಮಗ್ಗ ಬಿಟ್ಟು ಹೋಗ್ತೇನಿ."

ಮಗ್ಗಗಳು ನಿಂತವು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಕೊಟ್ಟಾಕಿ ನಾನರಿ ಸಾವ್ಕಾರ," ಎಂದಳು ರಾಜಶ್ರೀ. "ನಾಕ ಮಂದಿ ಹೊಗಳಲಿ ಅಂತ ನಾನ ಕೊಟ್ಟೆ."