ಸಿಮೆಂಟು ಕೆರೆದ ಶನಿವಾರ

"ಇದೇನು ಮಾಡಿಟ್ಟಿದ್ದೀಯ, ಸುಮುಖ?"

ಫ್ಲವರ್ ಮೌಂಡ್ ಊರಿನ ಹತ್ತಿರ, ಈಗ ಮ್ಯೂಸಿಯಂ ಆಗಿರುವ ಹಳೇ ಫಾರ್ಮ್. ಮೊದಲ ವಲಸಿಗರು ಕಟ್ಟಿಕೊಂಡಿದ್ದ ಮರದ ಗುಡಿಸಲ ಮುಂದೆ, ಹಳೇ ಕಟ್ಟಡಗಳ ದುರಸ್ತಿಯೇ ಕಸುಬಾದ ಹರ್ಷಿಣಿ ನಿಂತುಬಿಟ್ಟಳು. ದಿಮ್ಮಿಗಳ ಸಂದಿಗಳಲ್ಲೆಲ್ಲ ಬೂದು ಸಿಮೆಂಟು, ನುಣ್ಣಗೆ.

"ನೀನು ಆಸ್ಟಿನ್‌ನ ಮೀಟಿಂಗಿನಿಂದ ಬರೋಷ್ಟರಲ್ಲಿ ಮುಗಿಸಿ ಸರ್‌ಪ್ರೈಸ್ ಕೊಡೋಣ ಅಂತ."

ವಾರವೆಲ್ಲ ಹತ್ತಿರದ ಊರು ಪ್ಲೇನೋದಲ್ಲಿ ಕೋಡ್ ಬರೆಯುವವನು, ಶನಿವಾರ ಮಾತ್ರ ಇಲ್ಲಿ ವಾಲಂಟಿಯರ್. ಅವನ ಹುಬ್ಬಿಗೂ ಸಿಮೆಂಟು ಮೆತ್ತಿತ್ತು. ಬೈಯಲು ಹೊರಟವಳ ಕಣ್ಣು ಆ ಹುಬ್ಬಿನಲ್ಲೇ ಸಿಕ್ಕಿಕೊಂಡಿತು.

"ಆ ಕಾಲದವರು ಮಣ್ಣು, ಹುಲ್ಲು ಕಲಸಿ ಮೆತ್ತುತ್ತಿದ್ದರು ಕಣೋ. ಉದುರಿದರೆ ಚಳಿಗಾಲಕ್ಕೆ ಮುಂಚೆ ಮತ್ತೆ ಮೆತ್ತೋದು. ಸಿಮೆಂಟು ಹಾಕಿದರೆ ನೀರು ಒಳಗೇ ನಿಂತು ಮರ ಕೊಳೆಯುತ್ತೆ."

"ಭದ್ರ ಮಾಡಿದೆ ಅಂದ್ಕೊಂಡೆ."

"ಬೆಂಗಳೂರಿನವರಿಗೆ ಸಿಮೆಂಟು ಬಿಟ್ಟು ಬೇರೇನು ಗೊತ್ತು."

"ಮೈಸೂರಿನವರು ಕಲಿಸಿಕೊಡಬೇಕು, ಮೇಡಂ."

ಇಬ್ಬರೂ ಉಳಿ ಹಿಡಿದು ಪಕ್ಕಪಕ್ಕ ಕೂತು ಕೆರೆಯತೊಡಗಿದರು.

"ಇಷ್ಟು ಚಿಕ್ಕ ಕೋಣೇಲಿ ಸಂಸಾರನಾ?" ಸುಮುಖ ಸಂದಿಯಲ್ಲಿ ಇಣುಕಿದ.

"ಮೊದಲು ಒಂದೇ ಕೋಣೆ. ಮಕ್ಕಳುಮರಿ ಆದಮೇಲೆ ಎದುರಿಗೆ ಇನ್ನೊಂದು. ನಡುವೆ ಗಾಳಿಗೆ ತೆರೆದ ಪಡಸಾಲೆ. ಸೂರು ಮಾತ್ರ ಒಂದೇ."

"ಒಂದೇ," ಎಂದ. ಅವನ ಕಿವಿ ಕೆಂಪಗಾಯಿತು. ಅವಳು ಕಂಡೂ ಕಾಣದವಳಂತೆ ಉಳಿ ಒತ್ತಿದಳು.

"ನೀನು ಅಪ್ಲೈ ಮಾಡಿದ್ದ ಹ್ಯೂಸ್ಟನ್ ಕೆಲಸ ಏನಾಯ್ತು?" ಎಂದು ಕೇಳಿದ.

"ವೀಸಾ ಸ್ಪಾನ್ಸರ್ ಮಾಡಲ್ವಂತೆ. ಮುಂದಿನ ತಿಂಗಳು ವಾಪಸ್ ಮೈಸೂರಿಗೆ."

ಅವನು ಉಳಿ ಕೆಳಗಿಟ್ಟ.

"ನನ್ನ ಮದುವೆ ಆದರೆ ಇರಬಹುದಲ್ವಾ?" ತಲೆಯೆತ್ತದೆ, ದಿಮ್ಮಿಯನ್ನೇ ಕೇಳಿದಂತೆ ಕೇಳಿದ.

ಈ ಮಾತಿಗಾಗಿ ಎಷ್ಟು ಶನಿವಾರ ಕಾದಿದ್ದಳು. ಈಗ ಬಂತು, ಅವಳು ಉಳಿಯ ತುದಿಯ ಸಿಮೆಂಟು ಒರೆಸಿದಳು.

"ಇರಬಹುದು. ನಿನ್ನ ವೀಸಾದ ಮೇಲೆ, ಡಿಪೆಂಡೆಂಟ್ ಆಗಿ. ಕೆಲಸ ಮಾಡೋ ಹಾಗಿಲ್ಲ."

"ಗ್ರೀನ್ ಕಾರ್ಡ್ ಬರೋವರೆಗೆ ಅಷ್ಟೇ."

"ಯಾವಾಗ ಬರುತ್ತೆ?"

ಅವನ ಆಫೀಸಿನಲ್ಲೇ ಹತ್ತು ವರ್ಷದಿಂದ ಅದಕ್ಕಾಗಿ ಕಾಯುತ್ತಿರುವವರಿದ್ದರು.

"ಶನಿವಾರ ಶನಿವಾರ ಇಲ್ಲಿಗೆ ಬರಬಹುದಲ್ಲ," ಎಂದ ಮೆಲ್ಲಗೆ.

"ನಿನ್ನ ಹಾಗೆ. ಹವ್ಯಾಸಕ್ಕೆ."

ಅವನ ಮುಖ ಸಪ್ಪಗಾಯಿತು. ಆಡಿದ ಮಾತು ಅವಳನ್ನೇ ಚುಚ್ಚಿತು.

"ಇಷ್ಟ ಇಲ್ಲ ಅಂತಲ್ಲ. ತುಂಬಾ ಇಷ್ಟ. ಅದಕ್ಕೇ ಭಯ. ಕೆಲಸವಿಲ್ಲದೆ ಕೂತು ಕೂತು, ಒಂದು ದಿನ ನಿನ್ನ ನೋಡಿದರೇ ಸಿಟ್ಟು ಬರೋ ಹಾಗಾದರೆ?"

ಅವನು ಬಾಯಿ ತೆರೆದ. 'ಹಾಗಾದರೆ ನಾನೇ ಮೈಸೂರಿಗೆ ಬರ್ತೀನಿ' ಎಂದಾನೆಯೇ ಎಂದು ಅವಳು ಅವನತ್ತ ತಿರುಗಿದಳು. ಅವನು ಅನ್ನಲಿಲ್ಲ. ತಾನೇ ಕೆಲಸ ಬಿಡಲಾರದವಳು, ಅವನು ಬಿಡಲಿ ಎಂದು ಯಾವ ಬಾಯಲ್ಲಿ ಕೇಳುವುದು?

ಅವನು ಅವಳ ಧೂಳುಗೈಯನ್ನು ಹಿಡಿದುಕೊಂಡ. "ಇವತ್ತೇ ಹೇಳಬೇಕಿಲ್ಲ."

ಇವತ್ತು ಒಪ್ಪದಿದ್ದರೆ ಇನ್ನೆಂದೂ ಒಪ್ಪಲಾರಳೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಹೂಂ ಅನ್ನಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳಲಿಲ್ಲ.