ಟಿಕೆಟ್ ತಗೊಂಡ ಡ್ರೈವರ್

"ಸ್ಟಾಫ್," ಎಂದ ಅವನು, ಕಣ್ಣು ಮುಚ್ಚಿಕೊಂಡೇ.

ಹೆಬ್ಬಾಳದಲ್ಲಿ ಹತ್ತಿ, ಕಿಟಕಿಗೆ ತಲೆ ಒರಗಿಸಿದ್ದ ಆ ಮನುಷ್ಯನನ್ನು ಆಶಾರಾಣಿ ಮೇಲಿಂದ ಕೆಳಗೆ ನೋಡಿದಳು. ಸಾರಿಗೆ ನಿಗಮದ ಬಸ್ಸಿನಲ್ಲಿ ಆರು ವರ್ಷ ಕಂಡಕ್ಟರ್ ಆಗಿದ್ದವಳಿಗೆ ಇಂಥ ಎಷ್ಟೋ 'ಸ್ಟಾಫ್'ಗಳು ಗೊತ್ತು.

"ಐಡಿ ತೋರ್ಸಿ."

ತೋರಿಸಿದ. ಮೇಲೆ ಯಾವುದೋ ಖಾಸಗಿ ಕಂಪನಿಯ ಹೆಸರು. ಕೆಳಗೆ: ಮುನೀಂದ್ರ, ಚಾಲಕ.

"ಇದು ನಮ್ ಐಡಿ ಅಲ್ಲ ಕಣ್ರೀ."

"ಮೇಡಂ, ನಿಮ್ಮ ಎಲೆಕ್ಟ್ರಿಕ್ ಬಸ್ಸನ್ನೇ ಬೆಳಗ್ಗೆಯಿಂದ ಓಡ್ಸಿ ಇಳಿದಿದೀನಿ!"

"ಬಸ್ ನಮ್ಮದು. ನೀವು ಕಂಪನಿಯೋರು. ಟಿಕೆಟ್ ತಗೊಳ್ಳಿ."

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಮುನೀಂದ್ರ ಚಿಲ್ಲರೆ ಎಣಿಸಿ ಕೊಟ್ಟ. "ಚಿಕ್ಕಜಾಲ, ಒಂದು," ಎಂದು ಮತ್ತೆ ಕಣ್ಣು ಮುಚ್ಚಿದ.

*ಏನು ಕೊಬ್ಬು!* ಎಂದುಕೊಂಡಳು. ಮರುದಿನ ಯಲಹಂಕ–ಯಶವಂತಪುರ ಬಸ್ಸು ಹತ್ತಿದಾಗ ಸ್ಟಿಯರಿಂಗ್ ಹಿಂದೆ ಅದೇ ಕೊಬ್ಬು ಕೂತಿತ್ತು.

"ಬನ್ನಿ ಮೇಡಂ," ಎಂದ. "ಇವತ್ತು ಟಿಕೆಟ್ ಬೇಕಾ?"

ನಗಬಾರದು ಎಂದುಕೊಂಡಳು. ಆಗಲಿಲ್ಲ.

ಒಂದೇ ಬಸ್ಸು, ಒಂದೇ ಧೂಳು, ಹೆಬ್ಬಾಳ ಫ್ಲೈಓವರಿನ ಒಂದೇ ನರಕ. ಆದರೆ ಬಸ್ಸಿನ ಮುಂಭಾಗ, ಅಂದರೆ ಡ್ರೈವರ್, ಕಂಪನಿಯದು; ಹಿಂಭಾಗ, ಅಂದರೆ ಕಂಡಕ್ಟರ್, ನಿಗಮದ್ದು. ಹಿಂಭಾಗಕ್ಕೆ ವಾರದ ರಜೆ ಇತ್ತು, ಕಾಯಿಲೆ ರಜೆ ಇತ್ತು, ಡಿಪೋದಲ್ಲಿ ಫ್ಯಾನಿರುವ ವಿಶ್ರಾಂತಿ ಕೊಠಡಿ ಇತ್ತು. ಮುಂಭಾಗಕ್ಕೆ ಹಿಂಭಾಗದ ಅರ್ಧ ಸಂಬಳವಿತ್ತು. ಮನೆಯಲ್ಲಿ ಕೂತರೆ ಅದೂ ಇರಲಿಲ್ಲ. ಕೊಠಡಿಯ ಬಾಗಿಲ ಮೇಲೆ 'ನಿಗಮದ ಸಿಬ್ಬಂದಿಗೆ ಮಾತ್ರ' ಎಂಬ ಬೋರ್ಡಿದ್ದುದರಿಂದ ಮುನೀಂದ್ರ ಡ್ರೈವರ್ ಸೀಟಿನಲ್ಲೇ ಊಟ ಮಾಡುತ್ತಿದ್ದ. ಕೆಲವು ದಿನ ಕಳೆದ ಮೇಲೆ ಆಶಾರಾಣಿಯೂ ಡಬ್ಬಿ ಹಿಡಿದು ಮೊದಲ ಸೀಟಿಗೆ ಬಂದಳು.

"ರೂಮಲ್ಲಿ ಫ್ಯಾನ್ ಐತಲ್ಲ ಮೇಡಂ?"

"ಸದ್ದು ಮಾಡುತ್ತೆ," ಎಂದು ಸುಳ್ಳು ಹೇಳಿದಳು.

ಕೋಗಿಲಿನ ಮನೆಯಲ್ಲಿ ಅವಳ ತಾಯಿ ಸುಬ್ಬಲಕ್ಷ್ಮಮ್ಮನಿಗೆ ಮಾತ್ರ ಬೇರೆಯೇ ಲೆಕ್ಕ. ನಿಗಮದವರು ತಮ್ಮನ್ನು ಪೂರ್ತಿ ಸರ್ಕಾರಿ ನೌಕರರನ್ನಾಗಿ ಮಾಡಿ ಎಂದು ಆಗಾಗ ಮುಷ್ಕರ ಹೂಡುತ್ತಾರೆ. ಆದರೆ ಮದುವೆ ಮಾತುಕತೆಯಲ್ಲಿ ಅಷ್ಟು ಸೂಕ್ಷ್ಮ ಯಾರಿಗೂ ಬೇಡ.

"ಗೌರ್ಮೆಂಟ್ ಹುಡುಗಿಗೆ ಗೌರ್ಮೆಂಟ್ ಹುಡುಗನೇ ಆಗ್ಬೇಕು ಕಣಮ್ಮಿ. ತಾಲ್ಲೂಕ್ ಆಫೀಸ್ ಗುಮಾಸ್ತರಂತೆ. ಭಾನುವಾರ ನೋಡಕ್ ಬರ್ತಾರೆ."

ಮರುದಿನ ಊಟದ ಹೊತ್ತಿಗೆ ಆಶಾರಾಣಿ ಈ ಸುದ್ದಿ ಹೇಳಿದಳು. *ಬೇಡ ಅನ್ನಲಿ… ಏನಾದರೂ ಅನ್ನಲಿ!*

ಮುನೀಂದ್ರ ಡಬ್ಬಿ ಮುಚ್ಚಿದ. "ಒಳ್ಳೇದಾಯ್ತು ಬಿಡಿ. ಪರ್ಮನೆಂಟ್ ಜನ."

ಅಂದಿನಿಂದ ಅವನು ಎರಡೆರಡು ಪಾಳಿ ಓಡಿಸತೊಡಗಿದ. ಕಣ್ಣು ಕೆಂಪು, ಮಾತು ಕಡಿಮೆ.

"ಒಂದು ದಿನ ರಜಾ ಹಾಕಿ."

"ರಜಾ ಆಕಿದ್ರೆ ಆ ದಿನದ ಕೂಲಿ ಓಗುತ್ತೆ ಮೇಡಂ. ಒಂದಷ್ಟು ಕೂಡಾಕ್ಬೇಕು."

ಯಾಕೆ ಎಂದು ಅವಳು ಕೇಳುವಷ್ಟರಲ್ಲಿ ಅವನು ಬಸ್ಸು ಹೊರಡಿಸಿದ.

ಗುರುವಾರ ಫ್ಲೈಓವರ್ ಏರುವಾಗ ಕನ್ನಡಿಯಲ್ಲಿ ಅವನ ರೆಪ್ಪೆಗಳು ಮುಚ್ಚಿದ್ದು ಕಂಡಿತು. ಆಶಾರಾಣಿ ಎದೆ ಬಿರಿಯುವಂತೆ ಸೀಟಿ ಊದಿದಳು. ಅವನು ಬೆಚ್ಚಿ ಬ್ರೇಕ್ ಹಾಕಿದ. ಯಾರಿಗೂ ಏನೂ ಆಗಲಿಲ್ಲ. ಅವಳು ಮಾತ್ರ ಯಶವಂತಪುರದವರೆಗೂ ಆ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

ಸಂಜೆ ಡಿಪೋದಲ್ಲಿ, ಡ್ಯೂಟಿ ಹಂಚುವ ಅಕ್ಬರ್ ಪಾಷಾ ಅವರ ಮೇಜಿನ ಮೇಲೆ ಒಂದು ಅರ್ಜಿ ಇಟ್ಟಳು: ಈ ಚಾಲಕರಿಗೆ ನಿದ್ದೆ ಸಾಲುತ್ತಿಲ್ಲ, ದಯವಿಟ್ಟು ವಿಶ್ರಾಂತಿ ಕೊಡಿಸಿ.

ಶುಕ್ರವಾರ ಬಸ್ಸಿನಲ್ಲಿ ಹೊಸ ಡ್ರೈವರ್ ಇದ್ದ. ಅವಳು ಹಗುರವಾಗಿ ಉಸಿರುಬಿಟ್ಟಳು. ಮಲಗಿರಬೇಕು, ಪಾಪ. ಶನಿವಾರವೂ ಹೊಸಬನೇ ಬಂದ. ಮುನೀಂದ್ರನ ಫೋನು ಸ್ವಿಚ್ ಆಫ್.

"ಅವ್ನನ್ನ ತೆಗೆದ್ರಲ್ಲಮ್ಮಾ," ಎಂದರು ಅಕ್ಬರ್ ಪಾಷಾ, ಕನ್ನಡಕ ಒರೆಸುತ್ತ. "ನಿನ್ ಅರ್ಜಿ ಕಂಪನಿಗೆ ಕಳ್ಸಿದ್ವಿ. ಅವ್ರು ಕೆಲ್ಸದಿಂದ್ಲೇ ಕಳ್ಸಿದ್ರು."

"ಸರ್! ನಾನು ರೆಸ್ಟ್ ಕೇಳಿದ್ದು!"

"ನಮ್ಮೋರಾಗಿದ್ರೆ ಡಾಕ್ಟ್ರ ಹತ್ರ ಕಳ್ಸಿ, ಎರಡು ದಿನ ರೆಸ್ಟ್ ಕೊಡ್ತಿದ್ವಿ. ಅವ್ನು ನಮ್ಮೋನಲ್ವಲ್ಲಮ್ಮಾ."

ಆರು ವರ್ಷದಿಂದ ರೂಢಿಯಾದ ಫ್ಯಾನಿನ ಗಾಳಿ ಎಲ್ಲರಿಗೂ ಬೀಸುತ್ತದೆಂದು ಅವಳು ನಂಬಿದ್ದಳು!

ಭಾನುವಾರ ಗುಮಾಸ್ತರು ಬಂದರು, ಉಪ್ಪಿಟ್ಟು ತಿಂದರು, ಅವಳ ಬೇಸಿಕ್ ಸಂಬಳ ಎಷ್ಟು ಎಂದು ಕೇಳಿದರು. ಬೇರೇನೂ ಕೇಳಲಿಲ್ಲ. ಅವರು ಹೋದ ಮೇಲೆ "ಅಮ್ಮಾ, ಆಗಲ್ಲ" ಎಂದಷ್ಟೇ ಹೇಳಿ, ಆಶಾರಾಣಿ ಮುನೀಂದ್ರನ ಊರು ಚಿಕ್ಕಜಾಲದ ಬಸ್ಸು ಹತ್ತಿದಳು.

ಅವರಿವರನ್ನು ಕೇಳಿಕೊಂಡು ಹೋದಾಗ ಅವನು ಮನೆ ಮುಂದೆ ಯಾವುದೋ ಸ್ಕೂಲ್ ವ್ಯಾನ್ ತೊಳೆಯುತ್ತಿದ್ದ. ಅವಳನ್ನು ಕಂಡು ಪೈಪು ಕೆಳಗೆ ಬಿಟ್ಟ.

"ಇದರ ಬಗ್ಗೇನೂ ಕಂಪ್ಲೇಂಟ್ ಐತಾ ಮೇಡಂ?"

"ನಮ್ಮಲ್ಲಿ ಹಾಗೆ ಬರೆದ್ರೆ ರೆಸ್ಟ್ ಕೊಡ್ತಾರೆ ಮುನೀಂದ್ರ…"

"ನಿಮ್ಮಲ್ಲಿ ರೆಸ್ಟು. ನಮ್ಮಲ್ಲಿ ಗೇಟು." ಅವನ ದನಿ ತಗ್ಗಿತು. "ನಾನು ಏನಂದ್ಕೊಂಡೆ ಗೊತ್ತಾ? ಗಂಡು ಬರ್ತಾವ್ನೆ, ಇವ್ನು ಕಣ್ಮುಂದೆ ಇರೋದ್ ಬ್ಯಾಡ ಅಂತ ಬರ್ದ್ರಿ ಅಂತ."

ಅವಳ ಕಣ್ಣು ತುಂಬಿತು. "ಹೆದ್ರಿಕೆ ಆಗಿ ಬರೆದೆ. ಆ ಫ್ಲೈಓವರ್ ಮೇಲೆ… ನಿಮ್ಮನ್ನ ಕಳ್ಕೊಂಡ್ಬಿಡ್ತೀನಿ ಅಂತ. ತಪ್ಪಾಯ್ತು. ನಿಮ್ಮ ಅನ್ನ ಕಿತ್ಕೊಂಡೆ."

ಪೈಪಿನ ನೀರು ಅವರಿಬ್ಬರ ಕಾಲ ನಡುವೆ ಹರಿಯುತ್ತಿತ್ತು. ಅವನು ಹೋಗಿ ನಲ್ಲಿ ನಿಲ್ಲಿಸಿ ಬಂದ.

"ನಂಗೂ ಗೊತ್ತು," ಎಂದ. "ಆ ಸೀಟಿ ಕೇಳ್ದೆ ಓಗಿದ್ರೆ ಅವತ್ತು ಬಸ್ ತುಂಬಾ ಜನ… ನಿಮ್ಮ ಮ್ಯಾಲಿನ ಕೋಪ ಶುಕ್ರವಾರ ಇತ್ತು. ಶನಿವಾರ ಬರೀ ನಿದ್ದೆ. ಎದ್ದಾಗ ಕೋಪ ಇರ್ಲಿಲ್ಲ. ನಾಚಿಕೆ ಇತ್ತು."

"ಯಾತಕ್ಕೆ ಎರಡು ಪಾಳಿ ಮಾಡ್ತಿದ್ರಿ?"

"ಗುಮಾಸ್ತನ ಸಮಕ್ಕೆ ಬರಾಣ ಅಂತ." ತಲೆ ಕೆರೆದುಕೊಂಡ. "ಲೆಕ್ಕದಲ್ಲಿ ನಾನು ಯಾವಾಗ್ಲೂ ವೀಕು."

ಅವಳು ಅಳುತ್ತಲೇ ನಕ್ಕಳು. "ಆ ಗುಮಾಸ್ತರು ಬೇಡ ಅಂತ ಅಮ್ಮನಿಗೆ ಹೇಳ್ದೆ."

ಅವನು ಒದ್ದೆ ಕೈ ಅಂಗಿಗೆ ಒರೆಸಿಕೊಂಡು ಹತ್ತಿರ ಬಂದ.

"ಮದುವೆ ಆದ್ರೆ," ಎಂದಳು ವ್ಯಾನಿನ ಚಕ್ರವನ್ನು ನೋಡುತ್ತ, "ನಿಮಗೆ ಫ್ಯಾಮಿಲಿ ಪಾಸ್ ಬರುತ್ತೆ."

"ವ್ಯಾನ್ ಸಂಬಳ ಇನ್ನೂ ಕಮ್ಮಿ, ಮೇಡಂ."

"ಗೊತ್ತು. ಮೇಡಂ ಅನ್ಬೇಡಿ."

"ನಿಮ್ಮಮ್ಮ?"

"ಬೈತಾರೆ. ಇವತ್ತೇ ಬಂದು ಬೈಸ್ಕೊಳ್ಳಿ."

ಕೋಗಿಲಿಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಕಂಡಕ್ಟರ್ ಬಂದ. ಆಶಾರಾಣಿ ಐಡಿ ತೋರಿಸಿದಳು.

"ಇವ್ರು?"

"ನಮ್ಮೋರು."

"ಪಾಸ್ ಇದ್ಯಾ ಮೇಡಂ?"

"ಇನ್ನೂ ಇಲ್ಲ." ಅವಳೇ ಚಿಲ್ಲರೆ ತೆಗೆದಳು. "ಕೋಗಿಲು ಕ್ರಾಸ್, ಒಂದು ಕೊಡಿ."

ಮುನೀಂದ್ರ ಟಿಕೆಟನ್ನು ಮಡಚಿ ಜೇಬಿಗಿಟ್ಟುಕೊಂಡ. ಆಗಲೇ ಅವನ ರೆಪ್ಪೆ ಭಾರವಾಗುತ್ತಿತ್ತು.

"ಆಶಾ… ಕಣ್ ಎಳೀತಾ ಐತೆ."

ಅವಳು ಭುಜವನ್ನು ಸ್ವಲ್ಪ ತಗ್ಗಿಸಿದಳು.

"ಮಲಗಿ. ಇವತ್ತು ಯಾರೂ ಅರ್ಜಿ ಬರೆಯಲ್ಲ."