ಎಡೆಯ ಎರಡನೆಯ ಬಟ್ಟಲು

೨೦೧೯ರ ಸೆಪ್ಟೆಂಬರ್ ಮೂರು, ಬೆಳಿಗ್ಗೆ ಹತ್ತು ಇಪ್ಪತ್ತು. ಗುನ್ಸಾನ್ ಬಂದರಿನ ಠಾಣೆಗೆ ಒಕ್ಬುನ್ ಎಂಬ ಎಪ್ಪತ್ತೆಂಟರ ಮುದುಕಿ ಬಂದು ಮಗ ಕಾಣೆಯಾಗಿದ್ದಾನೆಂದು ದೂರು ಕೊಟ್ಟಳು. ಮಗ ಗಿತೆ, ನಲವತ್ತಾರು ವರ್ಷ, ಅವಿವಾಹಿತ. ಇಪ್ಪತ್ತಮೂರು ವರ್ಷಗಳಿಂದ ಸ್ಕಿಜೋಫ್ರೇನಿಯಾ. ತಿಂಗಳ ಚುಚ್ಚುಮದ್ದಿಗೆ ಅವನು ಬಾರದ್ದನ್ನು ಕಂಡು ಆರೋಗ್ಯ ಕೇಂದ್ರದ ನರ್ಸ್ ತಾನೇ ಮುದುಕಿಯನ್ನು ಕರೆತಂದಿದ್ದಳು. ಇನ್ಸ್‌ಪೆಕ್ಟರ್ ತಾಕ್ ಎಫ್‌ಐಆರ್ ದಾಖಲಿಸಿದ.

"ಯಾವಾಗ ಹೋದ, ಅಜ್ಜಿ?"

"ಆಗಸ್ಟ್ ಇಪ್ಪತ್ತು. ಮಧ್ಯಾಹ್ನ ಊಟ ಆದ್ಮೇಲೆ."

"ಜಗಳ ಏನಾದ್ರೂ ಆಯ್ತಾ?"

"ಜಗಳ ಇಲ್ದಿರೋ ದಿನ ಯಾವ್ದು ಸಾಹೇಬ್ರೆ? ಗೋಡೆ ಜೊತೆಗೂ ಜಗಳ ಆಡ್ತಿದ್ದ."

ಹತ್ತು ದಿನ ಬಸ್ ನಿಲ್ದಾಣದ ಕ್ಯಾಮೆರಾ, ಆಸ್ಪತ್ರೆಗಳು, ಹಡಗುಕಟ್ಟೆ ಎಲ್ಲವನ್ನೂ ಜಾಲಾಡಿದರೂ ಸುಳಿವಿಲ್ಲ. ಮುದುಕಿಯ ಮನೆಯಲ್ಲಿ ಸಿಕ್ಕಿದ್ದು ಒಂದೇ ಕಾಗದ, ಗಿತೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುವ ಅರ್ಜಿ. ಇಬ್ಬರು ಬಂಧುಗಳ ಸಹಿ ಬೇಕಿತ್ತು. ತಾಯಿಯದಿತ್ತು, ಮಗಳ ಜಾಗ ಖಾಲಿ. ಬುಸಾನ್‌ನಲ್ಲಿದ್ದ ಮಗಳಿಗೆ ತಾಕ್ ಫೋನ್ ಮಾಡಿದ.

"ನಂಗೊಬ್ಬ ಅಣ್ಣ ಇದ್ದಾನೆ ಅನ್ನೋದೇ ಅತ್ತೆ ಮನೇಲಿ ಗೊತ್ತಿಲ್ಲ," ಎಂದಳು ಆಕೆ ಪಿಸುದನಿಯಲ್ಲಿ. "ದಯವಿಟ್ಟು ಇಲ್ಲಿಗೆ ಫೋನ್ ಮಾಡ್ಬೇಡಿ."

ಸೆಪ್ಟೆಂಬರ್ ಹದಿಮೂರು, ಸುಗ್ಗಿಯ ಹುಣ್ಣಿಮೆ. ಬೆಳಗಿನ ಆರಕ್ಕೆ ತಾಕ್ ತೀರಿಹೋದ ತನ್ನ ತಾಯಿಗೆ ಮೊದಲ ಹಬ್ಬದ ಎಡೆಯಿಟ್ಟ. ಅನ್ನದಲ್ಲಿ ಚಮಚವನ್ನು ನೆಟ್ಟಗೆ ನಿಲ್ಲಿಸಿದ. ಹಬ್ಬಕ್ಕಾದರೂ ಗಿತೆ ಮನೆಗೆ ಬಂದಿರಬಹುದೆಂದು ಒಂಬತ್ತಕ್ಕೆ ಕಾನ್ಸ್‌ಟೇಬಲ್ ಪ್ಯೋ ಎಂಬ ಹುಡುಗಿಯೊಡನೆ ಒಕ್ಬುನಳಲ್ಲಿಗೆ ಹೋದ.

"ಹಬ್ಬದ ದಿನಾನೂ ಡ್ಯೂಟಿನೇನೇ?" ಮುದುಕಿ ಪ್ಯೋಳನ್ನು ಛೇಡಿಸಿದಳು. "ಹಿಂಗಾದ್ರೆ ನಿನ್ನ ಯಾರು ಕಟ್ಕೋತಾರೆ?"

"ನೀವೇ ಒಬ್ಬನ್ನ ಹುಡುಕ್ಕೊಡಿ ಅಜ್ಜಿ," ಎಂದು ಪ್ಯೋ ನಕ್ಕಳು.

ತಾಕ್ ನಗಲಿಲ್ಲ. ಗೋಡೆಯ ಬಳಿ ಎಡೆಯ ಮೇಜು, ಗಂಡನ ಫೋಟೋ. ಅದರ ಮುಂದೆ ಅನ್ನದ ಬಟ್ಟಲು ಎರಡು. ಎರಡರಲ್ಲೂ ಚಮಚ ನೆಟ್ಟಗೆ ನಿಂತಿತ್ತು.

"ಒಂದು ಯಜಮಾನರದ್ದು. ಇನ್ನೊಂದು?"

ಮುದುಕಿ ಗಂಡನ ಫೋಟೋವನ್ನು ನೇರ ಮಾಡಿದಳು.

"ಬದುಕಿರೋರಿಗೆ ಯಾರೂ ಹಂಗೆ ಚಮಚ ನಿಲ್ಸಲ್ಲ, ಅಜ್ಜಿ."

ಆಕೆ ಮುಖವನ್ನು ಅಂಗೈಯಿಂದ ಒರೆಸಿಕೊಂಡಳು. "ಹಬ್ಬದ ದಿನ ಅವ್ನೊಬ್ಬನೇ ಹಸ್ಕೊಂಡಿರ್ಲಾ, ಸಾಹೇಬ್ರೆ?"

ಹಿತ್ತಲಲ್ಲಿ ಚಳಿಗಾಲದ ಉಪ್ಪಿನಕಾಯಿ ಜಾಡಿ ಹೂಳುವ ಗುಂಡಿಯಿತ್ತು. ಹನ್ನೊಂದು ನಲವತ್ತಕ್ಕೆ ನೆರೆಯವರಿಬ್ಬರ ಎದುರು ಅದನ್ನು ಅಗೆಸಿ ಪಂಚನಾಮೆ ನಡೆಸಲಾಯಿತು. ಹೊಸ ರಜಾಯಿಯಲ್ಲಿ ಸುತ್ತಿದ ಗಿತೆಯ ಶವ. ಕಾಲಿಗೆ ಕಾಲುಚೀಲವನ್ನೂ ಹಾಕಿತ್ತು. ಒಕ್ಬುನಳನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಆಕೆಯ ಹೇಳಿಕೆ ಅರ್ಧ ಪುಟ.

"ನನ್ನ ಶ್ವಾಸಕೋಶ ಈ ವರ್ಷ ದಾಟಲ್ಲ ಅಂದ್ರು ಡಾಕ್ಟ್ರು. ಆಮೇಲೆ ಅವ್ನಿಗೆ ಯಾರು? ಊಟದಲ್ಲಿ ವಿಷ ಹಾಕಿದಾರೆ ಅಂತ ಹೆದರ್ತಿದ್ದ. ಇಪ್ಪತ್ತಮೂರು ವರ್ಷ ನಾನು ಮೊದಲ ಚಮಚ ತಿಂದು ತೋರ್ಸಿದ್ರೇನೇ ತಿಂತಿದ್ದ. ಅವತ್ತೂ ತಿಂದು ತೋರ್ಸಿದೆ. ಅವತ್ತು ನಿಜವಾಗ್ಲೂ ಹಾಕಿದ್ದೆ. ಇಬ್ರೂ ಉಂಡ್ವಿ, ಜೊತೇಲೇ ಮಲಗಿದ್ವಿ. ನಂಗೆ ಮಾತ್ರ ಎಚ್ಚರ ಆಯ್ತು."

ದೇವರು ಆಕೆಯೊಬ್ಬಳನ್ನೇ ಏಕೆ ಎಬ್ಬಿಸಿದನೋ ತಾಕನಿಗೆ ತಿಳಿಯಲಿಲ್ಲ.

ಎರಡೂವರೆಗೆ ಪ್ಯೋ ಬಿಸಿ ಸಾರು, ಅನ್ನ ತಂದಿಟ್ಟಳು. ಮುದುಕಿ ಒಂದು ಚಮಚ ತಿಂದಳು. ಆಮೇಲೆ ಬಟ್ಟಲನ್ನು ಮೆಲ್ಲಗೆ ಪಕ್ಕದ ಖಾಲಿ ಕುರ್ಚಿಯ ಕಡೆಗೆ ಸರಿಸಿ, ಕಾದು ಕುಳಿತಳು.